ಬೆಳೆಗಾರರ ಮಾತು ನಡೆದುಬಂದ ದಾರಿ

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ನೂರು ವರ್ಷಗಳನ್ನು ತಳಿಗಳ ಹೆಸರಿನಲ್ಲಿ ಎಣಿಸುವುದು ಮಲೆನಾಡಿನಲ್ಲಿ ರೂಢಿ. ಎಸ್.795 ಬಂದ ಕಾಲ, ಕಾವೇರಿ ಬಂದ ಕಾಲ, ಚಂದ್ರಗಿರಿ ಬಂದ ಕಾಲ ಎಂದು ಹಿರಿಯ ಬೆಳೆಗಾರರು ಹೇಳುವುದುಂಟು. ಅದು ನ್ಯಾಯವೇ. ಆದರೆ ಪ್ರತಿಯೊಂದು ತಳಿಯ ಹಿಂದೆಯೂ, ಪ್ರತಿಯೊಂದು ಸರ್ಕಾರಿ ಆದೇಶದ ಹಿಂದೆಯೂ ತೋಟದಿಂದ ಹೊರಟ ಒಂದು ದೂರು ಇತ್ತು. ಯಾವುದೋ ಹೋಬಳಿಯಲ್ಲಿ ಎಲೆ ಉದುರಿತು, ಗಿಡ ಒಣಗಿತು, ಬೆಲೆ ಬಿತ್ತು. ಯಾರೋ ಅದನ್ನು ಕೇಳುವವರ ಕಿವಿಗೆ ಮುಟ್ಟಿಸಿದರು. ಹಾಗೆ ಮುಟ್ಟಿಸಲು ಪ್ರತಿ ಕಾಲಕ್ಕೂ ಒಂದೊಂದು ಸಾಧನವಿತ್ತು. ಆ ಸಾಧನ ಎಲ್ಲಿಯವರೆಗೆ ಚಾಚಿಕೊಂಡಿತೋ ಅಲ್ಲಿಯವರೆಗಿನ ಬೆಳೆಗಾರರ ಮಾತು ಮಾತ್ರ ದಾಖಲಾಯಿತು. ಉಳಿದವರ ಮಾತು ಕಣದಲ್ಲೇ ಉಳಿಯಿತು. ಸಂಶೋಧನಾ ಕೇಂದ್ರ ಮತ್ತು ಕಾಫಿ ಮಂಡಳಿಯ ಚರಿತ್ರೆಯನ್ನು ಈ ಕಡೆಯಿಂದ ನೋಡುವ ಪ್ರಯತ್ನ ಈ ಲೇಖನದ್ದು.

1893–1925: ರೋಗದಿಂದ ಹುಟ್ಟಿದ ಕೇಂದ್ರ

ಬಾಬಾಬುಡನ್ ಅವರು ತಂದ ಏಳು ಬೀಜಗಳ ಐತಿಹ್ಯ ಎಲ್ಲರಿಗೂ ಗೊತ್ತು. ಕಾಫಿ ಇಲ್ಲಿ ದೊಡ್ಡ ಪ್ರಮಾಣದ ವ್ಯಾಪಾರದ ಬೆಳೆಯಾದದ್ದು 19ನೆಯ ಶತಮಾನದಲ್ಲಿ. ಅದೇ ಶತಮಾನ ಮುಗಿಯುವ ಮೊದಲೇ ಬೆಳೆಯ ಕತ್ತು ಹಿಸುಕಿದ್ದು ಎರಡು ಪಿಡುಗುಗಳು: 1860ರ ದಶಕದಲ್ಲಿ ಬಿಳಿ ಕಾಂಡಕೊರಕ, ಅದರ ಬೆನ್ನಿಗೇ ಸಿಲೋನಿನಿಂದ ಬಂದ ಎಲೆ ತುಕ್ಕು ರೋಗ. ಸಿಲೋನ್ ಕಾಫಿಯನ್ನೇ ಕೈಬಿಟ್ಟು ಚಹಾಕ್ಕೆ ಹೊರಳಿತು. ಮೈಸೂರು ಮತ್ತು ಕೊಡಗು ಹಾಗೆ ಮಾಡಲಿಲ್ಲ. ಮಾಡದೆ ಉಳಿದದ್ದಕ್ಕೆ ಬೆಲೆಯನ್ನೂ ತೆತ್ತವು.

1893ರಲ್ಲಿ ದಕ್ಷಿಣ ಭಾರತದ ಪ್ಲಾಂಟರುಗಳ ಸಂಘಗಳು ಬೆಂಗಳೂರಿನಲ್ಲಿ ಸೇರಿ ಒಂದು ಒಕ್ಕೂಟ ಕಟ್ಟಿದವು. ಇಂದು ಕೂನೂರಿನಲ್ಲಿ ಕಚೇರಿಯುಳ್ಳ ಉಪಾಸಿ ಎಂದರೆ ಅದೇ. ಕೂಲಿ, ಸಾಗಣೆ, ರೋಗ ಎಂದು ಅವರ ಅಹವಾಲುಗಳು ಹಲವು. ಅವರ ಸಾಧನ ಪತ್ರ ಮತ್ತು ವಾರ್ಷಿಕ ಸಭೆ. ಇಂಗ್ಲಿಷ್ ಬಲ್ಲ, ಗವರ್ನರ್ ಕಚೇರಿಗೆ ನೇರ ಬರೆಯಬಲ್ಲ ಕೆಲವರ ಸಾಧನ ಅದು. ಹಿತ್ತಲಿನಲ್ಲಿ ಎರಡೆಕರೆ ಕಾಫಿ ಇಟ್ಟುಕೊಂಡ ಮಲೆನಾಡಿನ ಒಕ್ಕಲಿಗನಾಗಲಿ, ಕೊಡಗಿನ ಜಮ್ಮಾ (ವಂಶಪಾರಂಪರ್ಯ ಹಿಡುವಳಿ) ಜಮೀನಿನವನಾಗಲಿ ಆ ಸಭೆಯಲ್ಲಿ ಇರಲಿಲ್ಲ. ಆದರೂ ಆ ಪತ್ರಗಳಿಂದ ನಡೆದ ಕೆಲಸ ಎಲ್ಲರಿಗೂ ಬಂತು ಎಂಬುದನ್ನು ಕೃತಜ್ಞತೆಯಿಂದಲೇ ಹೇಳಬೇಕು.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಆಗ ಡಾ. ಲೆಸ್ಲಿ ಕೋಲ್ಮನ್ ಇದ್ದರು. ಕೆನಡಾದಿಂದ 1908ರಲ್ಲಿ ಬಂದ ಈ ವಿಜ್ಞಾನಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮದ್ದನ್ನು ಮಲೆನಾಡಿಗೆ ರೂಢಿ ಮಾಡಿಸಿ ರೈತರ ಮನೆಮಾತಾಗಿದ್ದರು. ಕಾಫಿಯ ಎಲೆ ರೋಗಗಳಿಗೆ ಪರಿಹಾರ ಹುಡುಕಲು 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಘಟಕ ತೆರೆಯಿತು. ಹತ್ತು ವರ್ಷಗಳ ನಂತರ, 1925ರಲ್ಲಿ, ಬಾಳೆಹೊನ್ನೂರಿನ ಸಮೀಪ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. ಭದ್ರಾ ನದಿಯ ಕಣಿವೆ, ಮಳೆ ಧಾರಾಳ, ಸುತ್ತಲೂ ತೋಟಗಳು. ರೋಗ ಎಲ್ಲಿದೆಯೋ ಅಲ್ಲಿಯೇ ಪ್ರಯೋಗಾಲಯ ಇರಬೇಕೆಂಬ ನಿರ್ಧಾರ ಈ ಸಂಸ್ಥೆಯ ಮೊದಲ ಮತ್ತು ಬಹುಶಃ ಅತಿ ದೊಡ್ಡ ಸರಿಯಾದ ನಿರ್ಧಾರ. ಬೆಂಗಳೂರಿನಲ್ಲಿ ಕಟ್ಟಿದ್ದರೆ ಕಟ್ಟಡ ಚೆನ್ನಾಗಿರುತ್ತಿತ್ತು, ಎಲೆಯ ಅಡಿಯ ಕಿತ್ತಳೆ ಬಣ್ಣದ ಪುಡಿಯನ್ನು ದಿನವೂ ನೋಡುವವರು ಇರುತ್ತಿರಲಿಲ್ಲ. ಆ ಸ್ಥಳದ ಅಂಚೆ ಕಚೇರಿಯ ಹೆಸರೇ ಕಾಲಕ್ರಮದಲ್ಲಿ ‘ಕಾಫಿ ರಿಸರ್ಚ್ ಸ್ಟೇಷನ್’ ಎಂದಾಯಿತು. ಇಂದಿಗೂ ಆ ವಿಳಾಸಕ್ಕೇ ಪತ್ರ ಬರುತ್ತದೆ.

1925–1942: ತುಕ್ಕು, ತಳಿ, ಸೆಸ್ಸು

ಕೇಂದ್ರದ ಮೊದಲ ದಶಕಗಳಲ್ಲಿ ಇಲ್ಲಿ ನಡೆದ ಒಂದು ಕೆಲಸ ಜಗತ್ತಿನ ಕಾಫಿ ವಿಜ್ಞಾನದಲ್ಲೇ ಮೈಲಿಗಲ್ಲು. 1930ರ ದಶಕದ ಆರಂಭದಲ್ಲಿ ಡಬ್ಲ್ಯು.ಡಬ್ಲ್ಯು. ಮೇಯ್ನ್ ಅವರು ತುಕ್ಕು ರೋಗದ ಶಿಲೀಂಧ್ರದಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳಿವೆ ಎಂದು ಬಾಳೆಹೊನ್ನೂರಿನಲ್ಲಿ ತೋರಿಸಿದರು. ಒಂದು ತೋಟದಲ್ಲಿ ರೋಗ ತಡೆದ ಕೆಂಟ್ಸ್ ತಳಿ ಮತ್ತೊಂದರಲ್ಲಿ ಯಾಕೆ ಸೋಲುತ್ತದೆ ಎಂಬ ಬೆಳೆಗಾರರ ಬಹುದಿನದ ಗೊಂದಲಕ್ಕೆ ಉತ್ತರ ಸಿಕ್ಕಿತು. ಮುಂದೆ 1940ರ ದಶಕದಲ್ಲಿ ಎಸ್.288 ಮತ್ತು ಕೆಂಟ್ಸ್ ಕೂಡಿ ಹುಟ್ಟಿದ ಎಸ್.795 ಬಂತು. ಈಗಲೂ ಅರೇಬಿಕಾ ತೋಟಗಳಲ್ಲಿ ಅದರ ಗಿಡ ಕಾಣದ ಊರು ಕಡಿಮೆ.

ಇದೇ ಕಾಲದಲ್ಲಿ ಮಾರುಕಟ್ಟೆಯ ಮಾತು ಮೇಲೆದ್ದಿತು. ಬೆಲೆ ಕುಸಿದಿತ್ತು. 1935ರ ಕಾಫಿ ಸೆಸ್ ಕಾಯ್ದೆಯಿಂದ ಒಂದು ಸೆಸ್ ಸಮಿತಿ ಬಂತು. ಕಾಫಿ ಕುಡಿಯುವವರನ್ನು ದೇಶದೊಳಗೇ ಹೆಚ್ಚಿಸುವುದು ಅದರ ಉದ್ದೇಶ. 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದದ್ದು ಆ ಸೆಸ್ಸಿನ ಹಣದಿಂದ. ಎರಡನೆಯ ಮಹಾಯುದ್ಧ ಯುರೋಪಿನ ಬಂದರುಗಳನ್ನು ಮುಚ್ಚಿಸಿದಾಗ ಸೆಸ್ಸು ಸಾಲದಾಯಿತು.

1942–1991: ಪೂಲಿನ ಅರ್ಧ ಶತಮಾನ

1942ರ ಕಾಫಿ ಕಾಯ್ದೆ ಕಾಫಿ ಮಂಡಳಿಗೆ ಶಾಶ್ವತ ರೂಪ ಕೊಟ್ಟಿತು. 1944ರಲ್ಲಿ ಬಾಳೆಹೊನ್ನೂರು ಕೇಂದ್ರ ಮೈಸೂರು ಸರ್ಕಾರದಿಂದ ಮಂಡಳಿಯ ಕೈಗೆ ಬಂತು. 1946ರಲ್ಲಿ ಕೊಡಗಿನ ಚೆಟ್ಟಳ್ಳಿಯಲ್ಲಿ ಉಪಕೇಂದ್ರ, ಮುಂದಿನ ದಶಕಗಳಲ್ಲಿ ವಯನಾಡಿನ ಚುಂಡೇಲ್, ತಮಿಳುನಾಡಿನ ತಾಂಡಿಗುಡಿ, ಆಂಧ್ರದ ಆರ್.ವಿ. ನಗರ, ಅಸ್ಸಾಮಿನ ದಿಫು ಎಂದು ಸಂಸ್ಥೆ ಕೈಕಾಲು ಚಾಚಿತು. ಬೆಂಗಳೂರಿನಲ್ಲಿ ವಿಧಾನಸೌಧದ ಸಮೀಪ, ಈಗಿನ ಡಾ. ಬಿ.ಆರ್. ಅಂಬೇಡ್ಕರ್ ವೀಧಿಯಲ್ಲಿ ಮಂಡಳಿಯ ಕೇಂದ್ರ ಕಚೇರಿ.

ಪೂಲ್ ಎಂದರೇನು ಎಂದು ಇಂದಿನ ಯುವ ಬೆಳೆಗಾರರಿಗೆ ವಿವರಿಸಬೇಕಾದ ಕಾಲ ಬಂದಿದೆ. ಬೆಳೆಗಾರ ತನ್ನ ಮನೆಬಳಕೆಗೂ ಬೀಜಕ್ಕೂ ಬೇಕಾದಷ್ಟನ್ನು ಬಿಟ್ಟು ಉಳಿದ ಬೆಳೆಯನ್ನೆಲ್ಲ ಕ್ಯೂರಿಂಗ್ ವರ್ಕ್ಸ್ ಮೂಲಕ ಮಂಡಳಿಗೆ ಒಪ್ಪಿಸಬೇಕು. ಮಂಡಳಿ ಹರಾಜು ಹಾಕುತ್ತದೆ. ದರ್ಜೆಗೆ ತಕ್ಕಂತೆ ಪಾಯಿಂಟು, ಪಾಯಿಂಟಿಗೆ ತಕ್ಕಂತೆ ಹಣ. ಮೊದಲು ಮುಂಗಡ, ಆಮೇಲೆ ಕಂತು, ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಬೆಳೆಯೂ ಕೊಯ್ದಾಗಿರುತ್ತಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ಪೂಲ್ ಸಣ್ಣವರ ಬೆನ್ನಿಗೆ ನಿಂತಿತೆಂಬುದು ಸತ್ಯ. ಮಧ್ಯವರ್ತಿಯ ತಕ್ಕಡಿಯ ಭಯ ಇರಲಿಲ್ಲ. ಹಾಗೆಯೇ, ತನ್ನ ಬೆಳೆಯ ಹಣಕ್ಕೆ ತಾನೇ ವರ್ಷಗಟ್ಟಲೆ ಕಾಯಬೇಕಾದ ಬೇಸರವೂ ಸತ್ಯ.

ಈ ವ್ಯವಸ್ಥೆಯಲ್ಲಿ ಬೆಳೆಗಾರರ ಮಾತಿಗೆ ಮೂರು ದಾರಿಗಳಿದ್ದವು. ಕೇಂದ್ರ ಸರ್ಕಾರ ನೇಮಿಸುವ ಮಂಡಳಿಯಲ್ಲಿ ಬೆಳೆಗಾರ ಸದಸ್ಯರು ಇರುತ್ತಿದ್ದರು. ಅಧ್ಯಕ್ಷರನ್ನೂ ಸೇರಿಸಿ 33 ಮಂದಿಯ ಮಂಡಳಿ ಅದು, ವ್ಯಾಪಾರಿಗಳು, ಕ್ಯೂರಿಂಗ್‌ನವರು, ಕಾರ್ಮಿಕರು, ರಾಜ್ಯ ಸರ್ಕಾರಗಳು ಎಲ್ಲರೂ ಅದರಲ್ಲಿ ಇರುವಂಥದ್ದು. ಎರಡನೆಯದು ಸಂಘಗಳು: ಚಿಕ್ಕಮಗಳೂರಿನ ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್, ಕೊಡಗಿನ ಮತ್ತು ಹಾಸನದ ಪ್ಲಾಂಟರುಗಳ ಸಂಘಗಳು, ನಂತರ ಸಣ್ಣ ಬೆಳೆಗಾರರನ್ನು ಸೇರಿಸಿಕೊಂಡ ಕರ್ನಾಟಕ ಬೆಳೆಗಾರರ ಒಕ್ಕೂಟ. ಮೂರನೆಯದು ಮಂಡಳಿಯ ವಿಸ್ತರಣಾ ಕಚೇರಿಗಳು. ಜೆಎಲ್‌ಒ (ಜೂನಿಯರ್ ಲಯಸನ್ ಆಫೀಸರ್) ಎಂದರೆ ಮಲೆನಾಡಿನಲ್ಲಿ ಯಾರೆಂದು ಕೇಳಬೇಕಿಲ್ಲ. ತಾಲ್ಲೂಕು ಕೇಂದ್ರದ ಬಾಡಿಗೆ ಕಟ್ಟಡದಲ್ಲಿ ಕೂತು, ಜೀಪು ಇದ್ದ ದಿನ ತೋಟಕ್ಕೆ ಬಂದು, ಗಿಡದ ಬುಡ ಮುಟ್ಟಿ ನೋಡಿ ಹೋಗುವ ಅಧಿಕಾರಿ. ಈ ಮೂರು ದಾರಿಗಳಲ್ಲಿ ತೋಟದ ಮಣ್ಣು ಅಂಟಿಕೊಂಡದ್ದು ಮೂರನೆಯದಕ್ಕೆ ಮಾತ್ರ ಎಂದು ನಾನು ನಂಬಿದ್ದೇನೆ. ಆದರೆ ಒಬ್ಬ ಜೆಎಲ್‌ಒ ಪಾಲಿಗೆ ಸಾವಿರಾರು ಹಿಡುವಳಿಗಳು. ರಸ್ತೆಯ ಬದಿಯ ತೋಟಕ್ಕೆ ಭೇಟಿ ಹೆಚ್ಚು, ಒಳಗಿನ ತೋಟಕ್ಕೆ ಕಡಿಮೆ. ಇದು ಯಾರ ತಪ್ಪೂ ಅಲ್ಲ, ದೂರದ ಲೆಕ್ಕ.

ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು 10 ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದವು. ಬೆಳೆಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಅಂದರೆ ಈ ಉದ್ಯಮ ಮೂಲತಃ ಸಣ್ಣವರದು, ಕನ್ನಡ ಮಾತಾಡುವವರದು. ಅದರ ಮನವಿಪತ್ರಗಳು ಮಾತ್ರ ಬಹುಕಾಲ ದೊಡ್ಡ ಎಸ್ಟೇಟುಗಳ ಮೇಜಿನಿಂದ, ಇಂಗ್ಲಿಷಿನಲ್ಲಿ ಹೋದವು.

1992–1996: ಮುಕ್ತ ಮಾರಾಟ

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು, ಬೆಲೆ ನೆಲ ಕಚ್ಚಿತು. 1991ರಲ್ಲಿ ಸೋವಿಯತ್ ಒಕ್ಕೂಟ ಕರಗಿ ಅಲ್ಲಿನ ರೂಪಾಯಿ ವ್ಯಾಪಾರವೂ ಹೋಯಿತು. ಪೂಲ್ ಬೇಕೋ ಬೇಡವೋ ಎಂಬ ಚರ್ಚೆ ಸಂಘಗಳ ಒಳಗೂ ಮಂಡಳಿಯ ಒಳಗೂ ಬಿಸಿಯಾಯಿತು. ಒಂದೇ ಮನೆಯ ಅಣ್ಣ ತಮ್ಮಂದಿರಲ್ಲೂ ಎರಡು ಅಭಿಪ್ರಾಯ ಇದ್ದ ಕಾಲ ಅದು. ಮುಕ್ತ ಮಾರುಕಟ್ಟೆ ಬೇಕೆಂದವರಿಗೆ ತಮ್ಮ ದುಡಿಮೆಯ ಬೆಲೆ ತಾವೇ ತೀರ್ಮಾನಿಸುವ ಹಂಬಲ. ಬೇಡವೆಂದವರಿಗೆ ಸಣ್ಣವನು ವ್ಯಾಪಾರಿಯ ಕೈಗೆ ಸಿಕ್ಕಾನೆಂಬ ಕಳಕಳಿ. ಎರಡರಲ್ಲೂ ಬೆಳೆಗಾರರ ಹಿತವೇ ಇತ್ತು.

1992ರಲ್ಲಿ ಬೆಳೆಯಲ್ಲಿ ನೂರಕ್ಕೆ 30 ಪಾಲನ್ನು ದೇಶದೊಳಗೆ ತಾವೇ ಮಾರಲು ಬೆಳೆಗಾರರಿಗೆ ಅವಕಾಶ ಸಿಕ್ಕಿತು. 1993ರಲ್ಲಿ 50 ಪಾಲು ಮುಕ್ತ ಮಾರಾಟಕ್ಕೆ ಬಂತು. 1995ರಲ್ಲಿ ಸಣ್ಣ ಬೆಳೆಗಾರರಿಗೆ ಪೂರ್ತಿ, 1996ರಲ್ಲಿ ಎಲ್ಲರಿಗೂ ಪೂರ್ತಿ. ನಡುವೆ 1994ರಲ್ಲಿ ಬ್ರೆಜಿಲ್‌ನ ತೋಟಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಹಾಳಾಗಿ ಬೆಲೆ ಏರಿದ್ದು ಹೊಸ ವ್ಯವಸ್ಥೆಗೆ ಒಳ್ಳೆಯ ಶಕುನವಾಯಿತು. ಮಂಡಳಿಯ ಮಾರಾಟ ವಿಭಾಗ ಕರಗಿತು, ನೌಕರರಲ್ಲಿ ಅನೇಕರು ಸ್ವಯಂ ನಿವೃತ್ತಿ ಪಡೆದರು. ಸಂಶೋಧನೆ, ವಿಸ್ತರಣೆ, ಪ್ರಚಾರ ಇವೇ ಮಂಡಳಿಯ ಮುಖ್ಯ ಕೆಲಸವಾದವು.

ಆದರೆ ಪೂಲ್ ಹೋದಾಗ ಅದರ ಜೊತೆಗೆ ಇನ್ನೊಂದು ಸಂಗತಿಯೂ ಹೋಯಿತು. ಅದನ್ನು ಆಗ ಹೆಚ್ಚು ಜನ ಗಮನಿಸಲಿಲ್ಲ. ಪೂಲ್ ಇದ್ದಾಗ ಪ್ರತಿ ಬೆಳೆಗಾರನ ಬೆಳೆ ಎಷ್ಟು, ಹೇಗಿತ್ತು ಎಂಬುದು ಮಂಡಳಿಯ ಲೆಕ್ಕಪುಸ್ತಕದಲ್ಲಿ ಇರುತ್ತಿತ್ತು. ಅಹವಾಲು ಹೇಳಲು ಸಣ್ಣವನು ಬಾಯಿ ತೆರೆಯದಿದ್ದರೂ ಅವನ ಚೀಲ ಅವನ ಪರವಾಗಿ ಲೆಕ್ಕ ಹೇಳುತ್ತಿತ್ತು. 1996ರ ನಂತರ ಆ ಲೆಕ್ಕ ನಿಂತಿತು. ಯಾರ ಕಷ್ಟ ಎಷ್ಟು ಎಂದು ದೆಹಲಿ ಕೇಳಿದರೆ ತೋರಿಸಲು ಕಾಗದ ಇಲ್ಲದಾಯಿತು.

1997–2017

2000ದ ನಂತರದ ಬೆಲೆ ಕುಸಿತ ಮಲೆನಾಡಿನ ಮನೆಗಳನ್ನು ಅಲುಗಾಡಿಸಿತು. ಬ್ಯಾಂಕ್ ಸಾಲ ಬಾಕಿ ಬಿತ್ತು. ಸಂಘಗಳ ನಿಯೋಗಗಳು ಬೆಂಗಳೂರು, ದೆಹಲಿ ಎಂದು ತಿರುಗಿದವು. ಸಾಲಗಳನ್ನು ಮರುಹೊಂದಿಸುವ ಯೋಜನೆಗಳು, 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರ ಪ್ಯಾಕೇಜ್ ಬಂದವು. 2007ರಲ್ಲಿ ಚಂದ್ರಗಿರಿ ತಳಿ ಬಿಡುಗಡೆಯಾಯಿತು. ಬಿಳಿ ಕಾಂಡಕೊರಕ ಮಾತ್ರ ಜಗ್ಗಲಿಲ್ಲ.

ಈ ಎರಡು ದಶಕಗಳ ನಿಜವಾದ ಬದಲಾವಣೆ ಯಾವ ಕಚೇರಿಯ ಕಡತದಲ್ಲೂ ಇಲ್ಲ. ಅದು ಜೇಬಿಗೆ ಬಂದ ಮೊಬೈಲು. ಮೊದಲು ಮೆಸೇಜು, ಆಮೇಲೆ ವಾಟ್ಸ್ಆ್ಯಪ್ ಗುಂಪುಗಳು. ಮಾರುಕಟ್ಟೆಯ ದರ, ಹೂ ಮಳೆಯ ಇಂಚುಗಳ ಲೆಕ್ಕ, ಆನೆ ಯಾವ ತೋಟದಲ್ಲಿದೆ ಎಂಬ ಎಚ್ಚರಿಕೆ ಇವೆಲ್ಲ ಬೆಳಗಾಗುವ ಮೊದಲೇ ಒಬ್ಬರಿಂದ ಒಬ್ಬರಿಗೆ ತಲುಪತೊಡಗಿದವು. ಮೂಡಿಗೆರೆಯಲ್ಲಿ ಎಷ್ಟು ಮಳೆ, ಸೋಮವಾರಪೇಟೆಯಲ್ಲಿ ಎಷ್ಟು ಎಂದು ಬೆಳೆಗಾರರು ತಾವೇ ಅಳೆದು ತಾವೇ ಹಂಚಿಕೊಳ್ಳುವುದನ್ನು ನೋಡಿದರೆ, ಮಾಹಿತಿ ಸಂಗ್ರಹಿಸುವ ಶಿಸ್ತು ಈ ಸಮುದಾಯಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ ಎಂದು ತಿಳಿಯುತ್ತದೆ.

2018: ಕೃಷಿ ತರಂಗ

2018ರ ಆಗಸ್ಟ್‌ನಲ್ಲಿ ಆಗಿನ ಕೇಂದ್ರ ವಾಣಿಜ್ಯ ಸಚಿವ ಸುರೇಶ್ ಪ್ರಭು ಅವರು ಕಾಫಿ ಮಂಡಳಿಯ ಎರಡು ಡಿಜಿಟಲ್ ಸೇವೆಗಳನ್ನು ಉದ್ಘಾಟಿಸಿದರು. ಒಂದು, ಕ್ಷೇತ್ರಾಧಿಕಾರಿಗಳು ತೋಟದ ವಿವರವನ್ನು ಸ್ಥಳದಿಂದಲೇ ದಾಖಲಿಸುವ ‘ಕಾಫಿ ಕನೆಕ್ಟ್’ ಆ್ಯಪ್. ಇನ್ನೊಂದು ‘ಕಾಫಿ ಕೃಷಿ ತರಂಗ’. ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ 30,000 ಬೆಳೆಗಾರರು ಮೊದಲ ಹಂತದ ಗುರಿ. ಕೃಷಿ ಸಲಹೆಯನ್ನು ಫೋನಿನಲ್ಲಿ ತಲುಪಿಸುವ ಪ್ರಿಸಿಷನ್ ಅಗ್ರಿಕಲ್ಚರ್ ಫಾರ್ ಡೆವಲಪ್‌ಮೆಂಟ್ ಎಂಬ ಸಂಸ್ಥೆ ಇದಕ್ಕೆ ಕೈಜೋಡಿಸಿತು. ಅದರ ಸಂಸ್ಥಾಪಕರಲ್ಲಿ ಒಬ್ಬರಾದ ಮೈಕೆಲ್ ಕ್ರೇಮರ್ 2019ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು.

ಇದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದುಬಾರಿ ಫೋನ್ ಬೇಡ, ಓದು ಬರಹವೂ ಬೇಡ. ಗುಂಡಿ ಇರುವ ಸಾಮಾನ್ಯ ಸೆಟ್ಟಿಗೆ ಒಂದು ಕರೆ ಬರುತ್ತದೆ. ಕನ್ನಡದಲ್ಲಿ ಒಂದು ಧ್ವನಿ ಆ ವಾರದ ಕೆಲಸ ಹೇಳುತ್ತದೆ: ಮುಂಗಾರಿಗೆ ಮೊದಲು ಬೋರ್ಡೋ ಸಿಂಪಡಿಸುವುದು, ಮರಗಸಿ, ಗೊಬ್ಬರ. ಇಷ್ಟೇ ಆಗಿದ್ದರೆ ಇದು ರೇಡಿಯೊದ ಕೃಷಿರಂಗದ ಮುಂದುವರಿಕೆ ಆಗುತ್ತಿತ್ತು. ಇದರ ಗುಣ ಇರುವುದು ಮರುದಾರಿಯಲ್ಲಿ. ಬೆಳೆಗಾರ ತಾನೇ ಕರೆ ಮಾಡಿ ತನ್ನ ಪ್ರಶ್ನೆಯನ್ನು ತನ್ನ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಇಡಬಹುದು. ತಜ್ಞರು ಅದನ್ನು ಕೇಳಿ, ಉತ್ತರವನ್ನು ಧ್ವನಿಯಲ್ಲೇ ಕಳಿಸುತ್ತಾರೆ.

ಒಂದು ಪ್ರಶ್ನೆಯನ್ನೇ ಕಲ್ಪಿಸಿಕೊಳ್ಳೋಣ. ಮಾರ್ಚ್ ತಿಂಗಳು. ಕೊಯ್ಲು ಮುಗಿದಿದೆ. ಕಾಂಡಕೊರಕದ ಹುಳ ಹಾರುವ ಕಾಲಕ್ಕೆ ಮೊದಲು ಗಿಡ ಗಿಡವನ್ನೂ ತಡವಿ ನೋಡುವ ಕೆಲಸ ನಡೆದಿದೆ. ಮುಖ್ಯ ಕಾಂಡದ ಮೇಲೆ ಬೆರಳಾಡಿಸಿದರೆ ತೊಗಟೆಯಡಿ ಉಬ್ಬುಗೆರೆ ಸಿಗುತ್ತದೆ. ಎಲೆ ಹಳದಿಯಾಗಿ ಜೋತುಬಿದ್ದಿದೆ. ಅಂಥ ಗಿಡವನ್ನು ಬುಡಸಹಿತ ಕಿತ್ತು ಸುಡಬೇಕು. ಮಲೆನಾಡಿನ ಒಳಗೆ ಸಿಗ್ನಲ್ ಸಿಗುವುದು ಒಂದೊಂದು ಜಾಗದಲ್ಲಿ ಮಾತ್ರ, ಕಣದ ಮೂಲೆಯೋ ದಿಣ್ಣೆಯ ಮೇಲಿನ ಬಂಡೆಯೋ. ಅಲ್ಲಿಗೆ ಹೋಗಿ ಆತ ಕೇಳುತ್ತಾನೆ: ‘ಸ್ವಾಮಿ, ಹೋದ ವರ್ಷ ಕಿತ್ತ ಜಾಗದಲ್ಲೇ ಈ ವರ್ಷ ಪಕ್ಕದ ಗಿಡಗಳಿಗೂ ಬಂದಿದೆ. ನೆರಳು ಕಡಿಮೆಯಾದದ್ದು ಕಾರಣವೋ?’ ಈ ಮಾತಿನಲ್ಲಿ ಹುಳದ ಸುದ್ದಿಯ ಜೊತೆಗೆ ನೆರಳಿನ ಮರ ಕಡಿದ ಸುದ್ದಿಯೂ ಇದೆ. ಜೆಎಲ್‌ಒ ಬಂದು ನೋಡುವವರೆಗೆ ಕಾಯದೆ ಅದು ದಾಖಲಾಯಿತು. ಇಂಥ ಪ್ರಶ್ನೆ ಒಂದು ಬಂದರೆ ಅದು ಒಬ್ಬನ ಕಷ್ಟ. ಒಂದೇ ಹೋಬಳಿಯಿಂದ ಒಂದೇ ವಾರದಲ್ಲಿ ಹಲವಾರು ಬಂದರೆ ಅದು ಆ ಹೋಬಳಿಯ ಅಹವಾಲು, ದಿನಾಂಕ ಸಹಿತ, ಧ್ವನಿ ಸಹಿತ. 1915ರಲ್ಲಿ ಕೊಪ್ಪದ ಘಟಕಕ್ಕೆ ಇಂಥದ್ದು ಸಿಕ್ಕಿದ್ದರೆ ಕೋಲ್ಮನ್ ಎಷ್ಟು ಸಂತೋಷಪಡುತ್ತಿದ್ದರೋ.

ಸೇವೆ ಆರಂಭವಾದ ಅದೇ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. ತೋಟಗಳು ತೋಟಗಳಾಗಿಯೇ ಜಾರಿ ಹೋದವು, ಜನ ಸತ್ತರು, ಊರುಗಳು ಖಾಲಿಯಾದವು. ಕುಸಿಯದೆ ಉಳಿದ ಕಡೆಗಳಲ್ಲೂ ಬುಡದಲ್ಲಿ ನೀರು ನಿಂತು ಕಾಯಿ ಉದುರಿತು, ಕೊಳೆರೋಗ ಹರಡಿತು. ಸರ್ಕಾರದ ವಿಪತ್ತು ಪರಿಹಾರದ ನಿಯಮ ಆಗ ಹೀಗಿತ್ತು: ಬೆಳೆ ನಷ್ಟ ನೂರಕ್ಕೆ 33 ಅಥವಾ ಹೆಚ್ಚು ಇರಬೇಕು, ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 18,000 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ. ಒಂದು ಕಾಫಿ ಗಿಡ ನೆಟ್ಟು ಫಸಲು ಬರಲು ಮೂರು ನಾಲ್ಕು ವರ್ಷ ಬೇಕೆಂದು ತಿಳಿದವರಿಗೆ ಈ ಮೊತ್ತದ ಅರ್ಥ ಹೇಳಬೇಕಾಗಿಲ್ಲ. ನಿಯಮ ಬದಲಾಗಬೇಕೆಂದು ಸಂಘಗಳು ಒತ್ತಾಯಿಸಿದವು. ಆ ಒತ್ತಾಯಕ್ಕೆ ಬಲ ಬಂದದ್ದು ಬೆಳೆಗಾರರು ತಮ್ಮ ತಮ್ಮ ತೋಟಗಳಿಂದ ಫೋನಿನಲ್ಲಿ ತೆಗೆದು ಕಳಿಸಿದ ಚಿತ್ರಗಳಿಂದ. ಗಿಡದ ಬುಡದಲ್ಲಿ ಹಾಸಿಬಿದ್ದ ಹಸಿರು ಕಾಯಿಯ ಚಿತ್ರವನ್ನು ಅಧಿಕಾರಿಯ ಮುಂದಿಟ್ಟ ಮೇಲೆ ಶೇಕಡಾವಾರು ಚರ್ಚೆ ಬೇರೆ ದಾರಿ ಹಿಡಿಯುತ್ತದೆ. 2022ರಲ್ಲಿ ಬಹುವಾರ್ಷಿಕ ಬೆಳೆಯ ದರ ಹೆಕ್ಟೇರಿಗೆ 22,500 ರೂಪಾಯಿಗೆ ಏರಿತು. ಕಾಫಿಗೆ ಇದೂ ಸಾಲದು.

2019ರ ಮಾರ್ಚ್‌ನಲ್ಲಿ ಮಂಡಳಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯ ಪ್ರಯೋಗವನ್ನೂ ಆರಂಭಿಸಿತು. ಬೆಳೆಗಾರ ಮತ್ತು ಕೊಳ್ಳುವವನ ನಡುವಿನ ಕೈಗಳನ್ನು ಕಡಿಮೆ ಮಾಡುವುದು ಅದರ ಆಶಯ. ಆಶಯ ಒಳ್ಳೆಯದು. ಆದರೆ ಸಣ್ಣವನ ಮಟ್ಟಿಗೆ ಧ್ವನಿಯ ಕರೆ ಮಾಡಿದಷ್ಟು ಕೆಲಸವನ್ನು ಅದು ಮಾಡಲಿಲ್ಲ ಎಂಬುದು ನನ್ನ ಅನಿಸಿಕೆ.

2020–2022: ಲಾಕ್‌ಡೌನ್ ಮತ್ತು ಕರಡು ಮಸೂದೆ

2020ರ ಮಾರ್ಚ್ ಕೊನೆಯ ವಾರ. ಅರೇಬಿಕಾ ಕೊಯ್ಲು ಮುಗಿದಿತ್ತು, ರೊಬಸ್ಟಾ ಕೆಲವೆಡೆ ಇನ್ನೂ ಕಣದಲ್ಲಿತ್ತು. ಎಲ್ಲವೂ ನಿಂತಿತು. ಸಭೆ ಸೇರುವಂತಿರಲಿಲ್ಲ, ನಿಯೋಗ ಹೋಗುವಂತಿರಲಿಲ್ಲ. ಪತ್ರ ಮತ್ತು ವಾರ್ಷಿಕ ಸಭೆಯ ಮೇಲೆ ನಿಂತಿದ್ದ ಸಂಘಟನೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಫೋನಿನ ಮೇಲೆ ನಡೆಯಬೇಕಾಯಿತು. ತೋಟದಲ್ಲಿ ಉಳಿದ ಕಾರ್ಮಿಕರ ಊಟ, ಗೊಬ್ಬರದ ಅಂಗಡಿ, ಕಾಫಿ ಸಾಗಿಸುವ ಲಾರಿಗೆ ಪಾಸು ಎಂದು ಒಂದೊಂದೇ ತೊಡಕು ಗುಂಪುಗಳಲ್ಲಿ ಬಂದು ಜಿಲ್ಲಾಡಳಿತದವರೆಗೆ ಹೋಯಿತು. ಏಪ್ರಿಲ್ ಮಧ್ಯದಲ್ಲಿ ಕೇಂದ್ರ ಗೃಹ ಸಚಿವಾಲಯ ಚಹಾ, ಕಾಫಿ, ರಬ್ಬರ್ ತೋಟಗಳಲ್ಲಿ ಅರ್ಧದಷ್ಟು ಕಾರ್ಮಿಕರೊಂದಿಗೆ ಕೆಲಸ ಮಾಡಲು ಅನುಮತಿ ಕೊಟ್ಟಿತು.

2022ರ ಆರಂಭದಲ್ಲಿ ಬಂದದ್ದು ಬೇರೆ ಬಗೆಯ ಪರೀಕ್ಷೆ. 1942ರ ಕಾಫಿ ಕಾಯ್ದೆಯನ್ನು ರದ್ದು ಮಾಡಿ ಹೊಸ ಕಾಯ್ದೆ ತರುವ ಕರಡು ಮಸೂದೆಯನ್ನು ವಾಣಿಜ್ಯ ಇಲಾಖೆ ಅಂತರ್ಜಾಲದಲ್ಲಿ ಪ್ರಕಟಿಸಿ ಅಭಿಪ್ರಾಯ ಕೇಳಿತು. ಚಹಾ, ರಬ್ಬರ್, ಸಾಂಬಾರ ಪದಾರ್ಥಗಳಿಗೂ ಅಂಥದೇ ಕರಡುಗಳು. ಇಮೇಲ್ ಮಾಡಬಲ್ಲ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದಿತ್ತು. 80 ವರ್ಷ ಹಳೆಯ ಕಾಯ್ದೆಯ ಬಗ್ಗೆ ಪ್ರತಿ ಬೆಳೆಗಾರನಿಗೂ ನೇರ ಮಾತಾಡುವ ಬಾಗಿಲು ತೆರೆದದ್ದು ಸಣ್ಣ ಸಂಗತಿಯಲ್ಲ. ಆದರೆ ಕಾನೂನಿನ ಇಂಗ್ಲಿಷನ್ನು ಓದಿ, ಅದರ ಯಾವ ಕಲಮು ತನ್ನ ನೋಂದಣಿಗೆ, ತನ್ನ ಮಾರಾಟಕ್ಕೆ ತಾಗುತ್ತದೆ ಎಂದು ತಿಳಿಯುವುದು ಎಷ್ಟು ಜನರಿಗೆ ಸಾಧ್ಯ? ಸಾಧನ ಇತ್ತು, ಭಾಷೆ ಇರಲಿಲ್ಲ. ಸಂಘಗಳು ಕನ್ನಡದಲ್ಲಿ ಸಾರಾಂಶ ಮಾಡಿ ಹಂಚುವ ಕೆಲಸವನ್ನು ಕರಡು ಬಂದ ದಿನವೇ ಶುರುಮಾಡುವಂಥ ವ್ಯವಸ್ಥೆ ನಮಗೆ ಬೇಕೆಂದು ಆ ವರ್ಷ ಕಲಿಸಿತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದೆ ಬರುವ ಕರಡುಗಳೂ ಇದೇ ದಾರಿಯಲ್ಲಿ ಬರುತ್ತವೆ.

2023ರಿಂದ ಈಚೆಗೆ: ಯುರೋಪಿನ ನಿಯಮ

2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಕಾಫಿ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. ಏಷ್ಯಾದಲ್ಲಿ ಅದೇ ಮೊದಲು. ಅದೇ ವರ್ಷದ ಜೂನ್‌ನಲ್ಲಿ ಯುರೋಪಿನ ಒಕ್ಕೂಟದ ಅರಣ್ಯನಾಶ ತಡೆ ನಿಯಮ ಜಾರಿಗೆ ಬಂದಿತ್ತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಯುರೋಪಿನ ಮಾರುಕಟ್ಟೆಗೆ ಹೋಗುವಂತಿಲ್ಲ. ಬೆಳೆದ ಪ್ರತಿ ತಾಕಿನ ಸ್ಥಾನವನ್ನು ಅಕ್ಷಾಂಶ ರೇಖಾಂಶ ಸಹಿತ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯನ್ನೇ ಗುರುತಿಸಿ ಕೊಡಬೇಕು. ನಮ್ಮ ಕಾಫಿಯ ದೊಡ್ಡ ಪಾಲು ಇಟಲಿ, ಜರ್ಮನಿ, ಬೆಲ್ಜಿಯಂ ಎಂದು ಯುರೋಪಿಗೇ ಹೋಗುವುದರಿಂದ ಇದು ದೂರದ ಸುದ್ದಿಯಲ್ಲ. 2024ರ ಡಿಸೆಂಬರ್‌ನಿಂದ ಅನ್ವಯವಾಗಬೇಕಿದ್ದ ನಿಯಮ ಒಂದು ವರ್ಷ, ಮತ್ತೆ ಒಂದು ವರ್ಷ ಮುಂದೆ ಹೋಗಿ 2026ರ ಡಿಸೆಂಬರ್‌ಗೆ ನಿಂತಿದೆ.

ಈ ನಿಯಮಕ್ಕೆ ಸಜ್ಜಾಗಲು ಮಂಡಳಿ ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ಆರಂಭಿಸಿತು. ಪೂಲ್ ಹೋದಾಗ ಕಳೆದುಹೋದ ಲೆಕ್ಕಪುಸ್ತಕ ಈಗ ಬೇರೆ ರೂಪದಲ್ಲಿ ಮರಳುತ್ತಿದೆ ಎನ್ನಬಹುದು. ನೆರಳಿನ ಮರಗಳ ಕೆಳಗೆ ಕಾಫಿ ಬೆಳೆಯುವ ನಾಡು ನಮ್ಮದು, ಕಾಡು ಕಡಿದವರೆಂಬ ಆರೋಪಕ್ಕೆ ಅಂಜಬೇಕಾದವರಲ್ಲ. ಸರಿಯಾದ ದಾಖಲೆ ಇದ್ದರೆ ಇದೇ ನಿಯಮ ನಮ್ಮ ಕಾಫಿಗೆ ಹೆಚ್ಚಿನ ಬೆಲೆ ತರಬಲ್ಲದು.

ತೊಡಕು ದಾಖಲೆಯಲ್ಲೇ ಇದೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು, ಸಾಗುವಳಿ ನಾಲ್ಕು ಮಂದಿ ಮೊಮ್ಮಕ್ಕಳದು. ಕೊಡಗಿನ ಜಮ್ಮಾ ಜಮೀನಿನ ಹಕ್ಕಿನ ಪ್ರಶ್ನೆ ಬೇರೆಯೇ ಇದೆ. ಗಂಡ ತೀರಿಕೊಂಡ ಮೇಲೆ ತೋಟ ನಡೆಸುತ್ತಿರುವ ಹೆಣ್ಣುಮಗಳಿಗೆ ಫೋನ್ ಇದೆ, ಪಹಣಿಯಲ್ಲಿ ಹೆಸರಿಲ್ಲ. ಒತ್ತುವರಿಯ ಅರ್ಜಿ ಸರ್ಕಾರದ ಮುಂದೆ ಇರುವವರಿಗೆ ತಮ್ಮ ಜಮೀನಿನ ನಕಾಶೆಯನ್ನು ತಾವೇ ಎತ್ತಿ ಕೊಡುವುದರಲ್ಲಿ ಸಹಜವಾದ ಅಳುಕು. ಆ ಅಳುಕನ್ನು ಅಜ್ಞಾನ ಎಂದು ತಳ್ಳಿಹಾಕಬಾರದು. ಕೊಟ್ಟ ಮಾಹಿತಿ ಯಾರ ಬಳಿ ಇರುತ್ತದೆ, ಯಾವುದಕ್ಕೆ ಬಳಕೆಯಾಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಲಿಖಿತವಾಗಿ, ಕನ್ನಡದಲ್ಲಿ ತಿಳಿಸಿದರೆ ನೋಂದಣಿ ತಾನಾಗಿ ಏರುತ್ತದೆ. ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಇತ್ತೀಚಿನ ವರ್ಷಗಳಲ್ಲಿ ಬೆಳೆಗಾರರೇ ಕೂತಿರುವುದರಿಂದ ಈ ಮಾತು ಅಲ್ಲಿ ಅರ್ಥವಾಗುತ್ತದೆಂಬ ಭರವಸೆ ನನಗಿದೆ.

ಇನ್ನೂ ಸಾಧನ ಚಾಚದ ಜಾಗಗಳಿವೆ. ಸಿಗ್ನಲ್ ಸಿಗದ ಊರುಗಳು ಇವೆ. ಗಿಡವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುವ ಕಾರ್ಮಿಕರ ಪ್ರಶ್ನೆ ಯಾವ ಕರೆಯಲ್ಲೂ ದಾಖಲಾಗುವುದಿಲ್ಲ, ಏಕೆಂದರೆ ನೋಂದಣಿ ಜಮೀನಿನ ಹೆಸರಿನಲ್ಲಿ ನಡೆಯುತ್ತದೆ. ಮತ್ತು ಸೇವೆಗೆ ಬಂದ ಪ್ರಶ್ನೆಗಳ ಒಟ್ಟು ಚಿತ್ರ ತೋಟದವರಿಗೆ ಮರಳುವ ದಾರಿಯೂ ಬೇಕು.

ಶತಮಾನದ ಸಂದರ್ಭದಲ್ಲಿ ಬಾಳೆಹೊನ್ನೂರಿನ ಮುಂದೆ ಒಂದು ಕೋರಿಕೆ ಇಡುತ್ತೇನೆ. ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ, ಆ ವರ್ಷ ಬೆಳೆಗಾರರು ಫೋನಿನಲ್ಲಿ ಕೇಳಿದ ಪ್ರಶ್ನೆಗಳನ್ನು ಹೋಬಳಿವಾರು, ತಿಂಗಳುವಾರು ಸಂಗ್ರಹಿಸಿ, ಹೆಸರುಗಳನ್ನು ಬಿಟ್ಟು, ಕನ್ನಡದಲ್ಲಿ ಒಂದು ವರದಿಯಾಗಿ ಅಚ್ಚು ಹಾಕಿಸಿ ಪ್ರತಿ ಜೆಎಲ್‌ಒ ಕಚೇರಿಯಲ್ಲೂ, ಪ್ರತಿ ಸಂಘದ ಕಚೇರಿಯಲ್ಲೂ ಇಡಬೇಕು. ಬಜೆಟ್‌ಗೆ ಮೊದಲು ದೆಹಲಿಗೆ ಹೋಗುವ ಮನವಿಪತ್ರದ ಮೊದಲ ಅಡಕ ಅದಾಗಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಹೆಚ್ಚು ಬೇಡ.